ಎಲೆ ಒಣಗಿದರೂ ಗೆಡ್ಡೆ ಇರುತ್ತದೆ: ಮನೆಯಲ್ಲೇ ಝೀಝೀ ಗಿಡ ಮಾಡಿಕೊಳ್ಳುವುದು

ಶಿವಮೊಗ್ಗದ ದುರ್ಗಿಗುಡಿ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎಂಟು ಅಡಿ ಅಗಲ, ಹತ್ತು ಅಡಿ ಉದ್ದ. ಎರಡು ಮೆಷಿನ್, ಒಂದು ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗಿಗೆ ಒಂದು ಮೂಲೆ. ಕೌಂಟರಿನ ತುದಿಗೆ ಒಂದು ಝೀಝೀ ಗಿಡ. ಬಿಸಿಲು ನಮ್ಮ ಅಂಗಡಿಯೊಳಗೆ ಕಾಲಿಡುವುದೇ ಇಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಟ್ಯೂಬ್‌ಲೈಟೇ ಗತಿ. ಆದರೂ ಆ ಗಿಡ ಐದು ವರ್ಷದಿಂದ ಎಣ್ಣೆ ಹಚ್ಚಿಕೊಂಡ ಹಾಗೆ ಮಿರಮಿರ ಮಿಂಚುತ್ತಾ ಕೂತಿದೆ.

ಬರುವ ಗಿರಾಕಿಗಳಲ್ಲಿ ಅರ್ಧ ಜನ ಅದನ್ನು ಪ್ಲಾಸ್ಟಿಕ್ ಅಂದುಕೊಳ್ಳುತ್ತಾರೆ. ಜೆರಾಕ್ಸ್ ಬರುವವರೆಗೆ ಸುಮ್ನೆ ನಿಲ್ಲಲಾರದೆ ಎಲೆಗೆ ಉಗುರು ಒತ್ತಿ ನೋಡುತ್ತಾರೆ. ರಸ ಒಸರಿದರೆ "ಓ, ನಿಜವಾದ್ದು!" ಅಂತ ಕೈ ಹಿಂದೆ ತೆಗೆಯುತ್ತಾರೆ. ರಸ್ತೆ ಕಡೆಗಿರುವ ಎಲೆಗಳ ಮೇಲೆಲ್ಲ ಅರ್ಧಚಂದ್ರದ ಹಾಗೆ ಉಗುರಿನ ಗುರುತು. ಆಮೇಲೆ ಬರುವ ಮಾತು ಒಂದೇ: "ಅಣ್ಣಾ, ಇದರದ್ದೊಂದು ಕಡ್ಡಿ ಕೊಡ್ತೀರಾ?"

ಕಡ್ಡಿ ಕೊಡುವುದಿಲ್ಲ, ಎಲೆ ಕೊಡುತ್ತೇನೆ. ಒಂದು ಗಿಡಕ್ಕೆ ಒಂದೇ ಎಲೆ ಸಾಕು. ಆದರೆ ತೆಗೆದುಕೊಂಡು ಹೋದವರಲ್ಲಿ ಜಾಸ್ತಿ ಜನ ಎರಡು ಮೂರು ತಿಂಗಳು ಬಿಟ್ಟು ಬಂದು, "ಬರಲಿಲ್ಲ ಅಣ್ಣ, ಕಿತ್ತು ಬಿಸಾಕಿದೆ" ಅನ್ನುತ್ತಾರೆ. ಎಷ್ಟೋ ಸಲ ಅದು ಬಂದಿರುತ್ತದೆ, ಇವರ ಕಣ್ಣಿಗೆ ಬಿದ್ದಿರುವುದಿಲ್ಲ ಅಷ್ಟೆ. ನಾನೂ ಮೊದಲ ಸಲ ಕಿತ್ತು ಬಿಸಾಕಿದವನೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಎಡವಟ್ಟು

ಗಿಡ ತಂದು ಎರಡನೇ ವರ್ಷ. ಫೆಬ್ರವರಿ, ಪರೀಕ್ಷೆ ಹತ್ತಿರ ಬಂದಿತ್ತು. ನೋಟ್ಸ್ ಜೆರಾಕ್ಸಿಗೆ ಹುಡುಗರು ಮುಗಿಬಿದ್ದಿದ್ದರು. ಒಬ್ಬನ ಬ್ಯಾಗಿನ ಪಟ್ಟಿ ಗಿಡಕ್ಕೆ ಸಿಕ್ಕಿಕೊಂಡಿತು. ಅವನು ತಿರುಗಿದ ರಭಸಕ್ಕೆ ಒಂದು ಕಡ್ಡಿ ಬುಡದಲ್ಲೇ ಲಟಕ್ ಅಂತು. "ಸಾರಿ ಅಂಕಲ್" ಅಂತ ಹುಡುಗ ಮುಖ ಸಣ್ಣ ಮಾಡಿಕೊಂಡ. ಹೋಗ್ಲಿ ಬಿಡಪ್ಪ ಅಂದೆ. ಎಣಿಸಿದರೆ ಆ ಕಡ್ಡಿಯಲ್ಲಿ 14 ಎಲೆ ಇದ್ದವು. ಎಲೆಯಿಂದಲೂ ಗಿಡ ಬರುತ್ತದೆ ಅಂತ ನರ್ಸರಿಯವರು ಹೇಳಿದ್ದು ನೆನಪಿತ್ತು.

ಮನೆಗೆ ಒಯ್ದು, ಟೆರೇಸಿನಲ್ಲಿದ್ದ ಹಳೇ ಪಾಟಿಗೆ ಕೆಮ್ಮಣ್ಣು, ಸಗಣಿ ಗೊಬ್ಬರ ತುಂಬಿ 14 ಎಲೆಯನ್ನೂ ನೆಟ್ಟೆ. ತುಳಸಿಗೆ ನೀರು ಹಾಕುವಾಗ ಇದಕ್ಕೂ ದಿನಾ ಒಂದು ಚೊಂಬು. ಮೂರು ವಾರಕ್ಕೆ ಹತ್ತು ಎಲೆ ಕೊಳೆತ ಬೆಂಡೆಕಾಯಿಯ ಹಾಗೆ ಲೋಳೆಯಾದವು. ಬೇಜಾರಾಗಿ ನೀರು ಹಾಕುವುದನ್ನೇ ಬಿಟ್ಟೆ. ಉಳಿದ ನಾಲ್ಕು ಹೇಗೋ ಇದ್ದವು. ಮಳೆಗಾಲದಲ್ಲಿ ಅವೂ ಹಳದಿಗೆ ತಿರುಗಿ, ಗಣೇಶನ ಹಬ್ಬದ ಹೊತ್ತಿಗೆ ಒಣಗಿ ಸುರುಟಿದವು. "ಈ ಸತ್ತ ಪಾಟ್ ಯಾಕೆ ಇಟ್ಕೊಂಡಿದೀರಿ?" ಅಂತ ಹೆಂಡತಿ ಎರಡು ಸಲ ಕೇಳಿದಳು. ಹಬ್ಬಕ್ಕೆ ಟೆರೇಸ್ ತೊಳೆಯುವಾಗ ಆ ಮಣ್ಣನ್ನೆಲ್ಲ ಎತ್ತಿ ಕರಿಬೇವಿನ ದೊಡ್ಡ ಪಾಟಿಗೆ ಸುರಿದೆ.

ಮರುವರ್ಷ ಯುಗಾದಿ. ಒಬ್ಬಟ್ಟಿನ ಸಾರಿಗೆ ಕರಿಬೇವು ಕೀಳಲು ಮೇಲೆ ಹೋದ ಅಮ್ಮ ಅಲ್ಲಿಂದಲೇ ಕೂಗಿದಳು. "ಇದೇನೋ ಇದು, ಕರಿಬೇವಿನ ಬುಡದಲ್ಲಿ ಮೊಳಕೆ? ನೋಡು ಬಾ." ಹೋಗಿ ನೋಡಿದರೆ ಎಳೆ ಹಸಿರಿನ ಎರಡು ಚಿಗುರು, ಕೆತ್ತಿದ ಪೆನ್ಸಿಲ್ ತುದಿಯ ಹಾಗೆ. ಬೆರಳಲ್ಲಿ ಮಣ್ಣು ಸರಿಸಿದೆ. ಕೆಳಗೆ ಸಾಂಬಾರ್ ಈರುಳ್ಳಿಯಷ್ಟು ದಪ್ಪದ ಗೆಡ್ಡೆ. ಆ ಒಣಗಿದ ಎಲೆಗಳು ಹೋಗುವ ಮೊದಲು ತಮ್ಮ ಕೆಲಸ ಮುಗಿಸಿದ್ದವು. ಅದರಲ್ಲಿದ್ದ ನೀರು, ಸತ್ವ ಎಲ್ಲ ಕೆಳಗಿಳಿದು ಗೆಡ್ಡೆಯಾಗಿತ್ತು. ನಾನು ಅದನ್ನು ಸತ್ತಿದೆ ಅಂದುಕೊಂಡು ಸುರಿದಿದ್ದೆ.

ಅಮ್ಮನಿಗೆ ಇದರಲ್ಲಿ ಏನೂ ಆಶ್ಚರ್ಯ ಕಾಣಲಿಲ್ಲ. "ಸುವರ್ಣಗೆಡ್ಡೆ ಜಾತಿದೇ ಇರಬೇಕು ಕಣೋ" ಅಂದಳು. ಅವಳ ತವರು ತೀರ್ಥಹಳ್ಳಿ ಕಡೆ. ಮಳೆಗಾಲ ಕಳೆದ ಮೇಲೆ ಸುವರ್ಣಗೆಡ್ಡೆಯ ದಂಟು ಒಣಗಿ ಬಿದ್ದುಹೋಗುತ್ತದೆ, ಮೇಲೆ ಏನೂ ಉಳಿಯುವುದಿಲ್ಲ. ಜಾಗ ಮರೆತುಹೋಗಬಾರದು ಅಂತ ಪಕ್ಕದಲ್ಲಿ ಒಂದು ಗೂಟ ಹೊಡೆದಿಡುತ್ತಿದ್ದರಂತೆ.

ಕೆಸುವಿನ ನೆಂಟ

ಅಮ್ಮ ಹೇಳಿದ್ದು ಸರಿಯೇ. ಆಮೇಲೆ ಓದಿ ತಿಳಿದುಕೊಂಡೆ. ಝೀಝೀ, ಕೆಸು, ಸುವರ್ಣಗೆಡ್ಡೆ, ಮನಿ ಪ್ಲಾಂಟ್, ಆಂಥೂರಿಯಂ ಎಲ್ಲ ಒಂದೇ ಕುಟುಂಬದವು. ಝಾಮಿಯೋಕಲ್ಕಸ್ ಝಾಮಿಫೋಲಿಯಾ ಅಂತ ಪೂರ್ತಿ ಹೆಸರು. ಎರಡು ಝಡ್ ಅಲ್ಲಿಂದ ಬಂದದ್ದು. ಕೆಲವು ನರ್ಸರಿಯವರು ಝಡ್‌ಝಡ್ ಅಂತಲೇ ಕರೆಯುತ್ತಾರೆ. 1829ರಲ್ಲಿ ಯುರೋಪಿನವರು ಮೊದಲ ಸಲ ಹೆಸರಿಟ್ಟಾಗ ಇದನ್ನು ಕೆಲೇಡಿಯಂ ಗುಂಪಿಗೆ ಸೇರಿಸಿದ್ದರು. ಕೆಲೇಡಿಯಂ ಅಂದರೆ ನಮ್ಮ ಅಂಗಳದಲ್ಲಿ ಬೆಳೆಸುವ ಬಣ್ಣದ ಕೆಸು.

ಇದರ ಊರು ಪೂರ್ವ ಆಫ್ರಿಕಾ. ಕೀನ್ಯಾ, ಟಾಂಜಾನಿಯಾದಿಂದ ದಕ್ಷಿಣ ಆಫ್ರಿಕಾದವರೆಗೆ ತಾನಾಗಿ ಬೆಳೆಯುತ್ತದೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ, ಅಂಥ ಜಾಗ. ಹಾಗಾಗಿ ನೀರು ಕೂಡಿಡುವುದೇ ಇದರ ಕಸುಬು. ಎಲೆಯಲ್ಲಿ ನೂರಕ್ಕೆ 90ರಷ್ಟು ನೀರೇ ಇರುತ್ತದೆ. ನೀರು ಕಡಿಮೆಯಾದಾಗ ಪಾಪಾಸುಕಳ್ಳಿಯ ಹಾಗೆ ರಾತ್ರಿ ಹೊತ್ತೂ ಸ್ವಲ್ಪ ಉಸಿರು ಎಳೆದುಕೊಳ್ಳುತ್ತದೆ. ಅದಕ್ಕೇ ಜನ ಇದನ್ನು ಸಕ್ಯುಲೆಂಟ್ ಸಾಲಿನಲ್ಲಿ ಇಡುವುದು.

ಇನ್ನೊಂದು ವಿಷಯ ಗೊತ್ತಿದ್ದರೆ ಮುಂದಿನ ಕೆಲಸ ಸುಲಭ. ನಾವು ಕಡ್ಡಿ ಅನ್ನುತ್ತೇವಲ್ಲ, ಅದು ಕಾಂಡವಲ್ಲ. ಬುಡದಿಂದ ತುದಿವರೆಗೆ ಅದೇ ಒಂದು ಎಲೆ. ನುಗ್ಗೆ ಸೊಪ್ಪಿನ ಹಾಗೆ ಅದಕ್ಕೆ ಅಕ್ಕಪಕ್ಕ ಚಿಕ್ಕ ಚಿಕ್ಕ ಎಲೆಗಳು. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಹಾಗಾಗಿ ಮಲ್ಲಿಗೆ, ದಾಸವಾಳದ ಕಡ್ಡಿ ನೆಟ್ಟ ಹಾಗೆ ಗೆಣ್ಣಿನಿಂದ ಚಿಗುರು ಬರಲಿ ಅಂತ ಕಾಯಬೇಡಿ. ಇಲ್ಲಿ ಗೆಣ್ಣೇ ಇಲ್ಲ. ಎಲೆ ಮೊದಲು ಗೆಡ್ಡೆ ಕಟ್ಟಬೇಕು, ಗೆಡ್ಡೆ ಬೇರು ಬಿಡಬೇಕು, ಆಮೇಲೆ ಅದಕ್ಕೆ ಮನಸ್ಸು ಬಂದಾಗ ಚಿಗುರು. ಇದಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ನರ್ಸರಿಯಲ್ಲಿ ಮನಿ ಪ್ಲಾಂಟ್ 50 ರೂಪಾಯಿಗೆ ಸಿಕ್ಕರೂ ಇದಕ್ಕೆ ನಾನು 250 ಕೊಡಬೇಕಾಗಿ ಬಂದದ್ದು ಯಾಕೆ ಅಂತ ಆಗ ಅರ್ಥವಾಯಿತು. ಹಾಲೆಂಡಿನ ನರ್ಸರಿಗಳು 1996ರಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಶುರು ಮಾಡುವವರೆಗೆ ಇದು ಅಂಗಡಿಗಳಲ್ಲಿ ಕಾಣುವ ಗಿಡವೇ ಆಗಿರಲಿಲ್ಲ.

ನೆಂಟಸ್ತಿಕೆ ಅಂದಮೇಲೆ ತುರಿಕೆಯೂ ಜೊತೆಗೇ ಬಂದಿದೆ. ಪತ್ರೊಡೆಗೆ ಕೆಸುವಿನ ಎಲೆ ಹೆಚ್ಚಿದರೆ ಕೈ ಕಡಿಯುತ್ತದಲ್ಲ, ಅದೇ ಸೂಜಿಯಂಥ ಹರಳುಗಳು ಝೀಝೀ ರಸದಲ್ಲೂ ಇವೆ. ಮುಟ್ಟಿದರೆ ವಿಷ ಅಂತೆಲ್ಲ ಹಬ್ಬಿಸುವ ಮಾತು ಸುಳ್ಳು. ಆದರೆ ಕತ್ತರಿಸಿದ ಮೇಲೆ ಕಣ್ಣು ಉಜ್ಜಿಕೊಳ್ಳಬೇಡಿ, ಸೋಪು ಹಾಕಿ ಕೈ ತೊಳೆಯಿರಿ. ಚಿಕ್ಕ ಮಕ್ಕಳು, ಬೆಕ್ಕು, ನಾಯಿ ಬಾಯಿಗೆ ಹಾಕದ ಕಡೆ ಇಡಿ. ಕೆಸುವಾದರೆ ಹುಣಸೆಹುಳಿ ಹಾಕಿ ಬೇಯಿಸಿ ತಿನ್ನಬಹುದು. ಇದನ್ನು ಹೇಗೆ ಮಾಡಿದರೂ ತಿನ್ನುವ ಹಾಗಿಲ್ಲ.

ಎಲೆ ಆರಿಸಿ, ಕತ್ತರಿಸಿ

ಫೆಬ್ರವರಿ ಕೊನೆಯಿಂದ ಮೇವರೆಗೆ ನಡುವಿನ ಯಾವ ದಿನವಾದರೂ ಸರಿ. ಈ ಗಿಡಕ್ಕೆ ಸೆಕೆ ಇಷ್ಟ. 25ರಿಂದ 30 ಡಿಗ್ರಿ ಇದ್ದರೆ ಗೆಡ್ಡೆ ಬೇಗ ಕಟ್ಟುತ್ತದೆ. ನಮ್ಮ ಕಡೆ ಜೂನ್ ಬಂದರೆ ಬಟ್ಟೆಯೇ ಒಣಗಲ್ಲ, ಮಣ್ಣು ಎಲ್ಲಿ ಒಣಗಬೇಕು? ಮಳೆಗಾಲದಲ್ಲಿ ಹೊಸದಾಗಿ ನೆಟ್ಟರೆ ಕೊಳೆಯುವುದು ಜಾಸ್ತಿ. ಡಿಸೆಂಬರ್ ಚಳಿಯಲ್ಲಿ ನೆಟ್ಟರೆ ಕೊಳೆಯಲ್ಲ, ಆದರೆ ಅಲ್ಲಾಡುವುದೂ ಇಲ್ಲ, ಯುಗಾದಿವರೆಗೆ ಹಾಗೇ ಕೂತಿರುತ್ತದೆ.

ಎಲೆ ತೀರಾ ಎಳೆಯದು ಬೇಡ. ಎಳೆ ಎಲೆ ತಿಳಿ ಹಸಿರಾಗಿ ಮೆತ್ತಗಿರುತ್ತದೆ, ಅದರಲ್ಲಿ ಕೂಡಿಟ್ಟದ್ದು ಏನೂ ಇರುವುದಿಲ್ಲ. ಕಡು ಹಸಿರಿನ, ಬಗ್ಗಿಸಿದರೆ ಗಟ್ಟಿ ಅನ್ನಿಸುವ ಎಲೆ ಬೇಕು. ಕಡ್ಡಿಯ ಮಧ್ಯಭಾಗದವು ಒಳ್ಳೆಯವು. ತಾನಾಗಿ ಉದುರಿದ ಎಲೆಯೂ ನಡೆಯುತ್ತದೆ. ಉಗುರಿನ ಗುರುತಿರುವ ಎಲೆಯೂ ನಡೆಯುತ್ತದೆ, ನಾನು ಮೊದಲು ಕೀಳುವುದೇ ಅವನ್ನು.

ಎಲೆಯನ್ನು ಹತ್ತಿರದಿಂದ ನೋಡಿ. ಅದು ಕಡ್ಡಿಗೆ ಕೂಡುವ ಕಡೆ ಸಪೂರವಾಗಿ ಒಂದು ಕುತ್ತಿಗೆ ಇರುತ್ತದೆ. ಅಕ್ಕಿಕಾಳಿನ ಅರ್ಧದಷ್ಟೂ ಇಲ್ಲ. ಗೆಡ್ಡೆ ಹುಟ್ಟುವುದು ಅಲ್ಲೇ. ಕತ್ತರಿಸುವಾಗ ಬ್ಲೇಡನ್ನು ಕಡ್ಡಿಗೆ ಒತ್ತಿ ಹಿಡಿದು, ಆ ಕುತ್ತಿಗೆ ಎಲೆಯ ಪಾಲಿಗೇ ಬರುವ ಹಾಗೆ ಕೊಯ್ಯಬೇಕು. ನಾನು ಪೇಪರ್ ಕಟರ್ ಬಳಸುತ್ತೇನೆ. ಹೊಸ ಬ್ಲೇಡ್ ಹಾಕಿ, ಸ್ಯಾನಿಟೈಸರಿನಲ್ಲಿ ಒರೆಸಿಕೊಂಡರೆ ಆಯ್ತು. ಮೊಂಡು ಕತ್ತರಿಯಲ್ಲಿ ಅಗಿದ ಹಾಗೆ ಕತ್ತರಿಸಿದರೆ ಗಾಯ ಜಜ್ಜಿಹೋಗಿ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

ಕೊಯ್ದ ಎಲೆಗಳನ್ನು ಹಳೇ ಪೇಪರ್ ಮೇಲೆ ಸಾಲಾಗಿ ಇಡಿ, ಎಲ್ಲದರ ಕುತ್ತಿಗೆಯೂ ಒಂದೇ ಕಡೆ ಇರಲಿ. ಎಲೆ ಎರಡೂ ತುದಿಗೆ ಚೂಪಾಗುತ್ತಾ ಹೋಗುವುದರಿಂದ ಮರುದಿನ ಯಾವುದು ತಲೆ, ಯಾವುದು ಬುಡ ಅಂತ ಗಲಿಬಿಲಿಯಾಗುತ್ತದೆ. ಒಂದು ಹಗಲು, ಒಂದು ರಾತ್ರಿ ನೆರಳಲ್ಲಿ ಹಾಗೇ ಬಿಡಿ. ಗಾಯ ಒಣಗಿ ತೆಳ್ಳಗೆ ಪೊರೆ ಕಟ್ಟಬೇಕು. ಎರಡು ದಿನ ಆದರೂ ತೊಂದರೆಯಿಲ್ಲ. ಗಿರಾಕಿಗಳಿಗೆ ಕೊಡುವ ಎಲೆ ಬ್ರೌನ್ ಕವರಿನಲ್ಲಿ ವಾರಗಟ್ಟಲೆ ಇದ್ದರೂ ಏನೂ ಆಗಿಲ್ಲ.

ಗಾಯಕ್ಕೆ ಅರಿಶಿನ ಹಚ್ಚಿ, ಜೇನು ಹಚ್ಚಿ, ದಾಲ್ಚಿನ್ನಿ ಪುಡಿ ಹಚ್ಚಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದು ಸಲ ನಾನು ಐದಕ್ಕೆ ಅರಿಶಿನ ಹಚ್ಚಿ, ಐದಕ್ಕೆ ಹಚ್ಚದೆ ನೆಟ್ಟಿದ್ದೆ. ನನ್ನ ಕೈ ಹಳದಿಯಾದದ್ದು ಬಿಟ್ಟರೆ ಬೇರೆ ವ್ಯತ್ಯಾಸ ಕಾಣಲಿಲ್ಲ.

ಮಣ್ಣಲ್ಲ, ಮರಳು

ಎಲೆಗೆ ಗೊಬ್ಬರ ಬೇಡ. ಅದಕ್ಕೆ ಬೇಕಾದ ಬುತ್ತಿ ಅದರೊಳಗೇ ಇದೆ. ಬೇಕಾದದ್ದು ನೀರು ನಿಲ್ಲದ, ಗಾಳಿಯಾಡುವ ಜಾಗ ಅಷ್ಟೆ. ಗೊಬ್ಬರ ಹಾಕಿದರೆ ಕೊಳೆಯುವುದಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ನನ್ನ ಹತ್ತು ಎಲೆ ಹೋದದ್ದು ಹಾಗೇ.

ನನ್ನ ಲೆಕ್ಕ ಹೀಗೆ: ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಸುಟ್ಟ ಭತ್ತದ ಹೊಟ್ಟು. ಕೊಕೊಪೀಟ್ ಇಟ್ಟಿಗೆಯ ಹಾಗೆ ಒತ್ತಿದ್ದು ಸಿಗುತ್ತದೆ. ಬಕೆಟ್ಟಿನಲ್ಲಿ ನೆನೆಸಿದರೆ ಉಬ್ಬಿ ಪುಡಿಯಾಗುತ್ತದೆ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಕಾಫಿ ಬಣ್ಣದ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆದು, ಬಟ್ಟೆಯಲ್ಲಿ ಹಿಂಡಿಕೊಳ್ಳಿ.

ಮರಳಿನ ವಿಷಯದಲ್ಲಿ ಹುಷಾರು. ಈಗ ಮನೆ ಕಟ್ಟುವ ಕಡೆ ಬಿದ್ದಿರುವುದೆಲ್ಲ ಎಂ ಸ್ಯಾಂಡ್. ಅದರಲ್ಲಿ ಕಲ್ಲಿನ ಧೂಳು ತುಂಬ. ಹಾಗೇ ಹಾಕಿದರೆ ನೀರು ಬಿದ್ದಾಗ ಕೆಸರಾಗಿ, ಒಣಗಿದಾಗ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದ ಧೂಳು ಚೆಲ್ಲಿ, ಮೇಲೆ ಉಳಿದ ದಪ್ಪ ಕಾಳನ್ನು ತೊಳೆದು ಬಳಸಿ. ಜರಡಿ ಹಳೆಯದಾಗಿರಲಿ. ಅಡುಗೆಮನೆಯದ್ದು ಮುಟ್ಟಿದರೆ ಏನಾಗುತ್ತೆ ಅಂತ ನನಗೆ ಗೊತ್ತು.

ಸುಟ್ಟ ಹೊಟ್ಟು ಅಕ್ಕಿ ಗಿರಣಿಯಲ್ಲಿ ಕೇಳಿದರೆ ಕೊಡುತ್ತಾರೆ. ಬಿಳೀ ಬೂದಿ ಬೇಡ, ಕರ್ರಗೆ ಕಾಳು ಕಾಳಾಗಿರುವುದು ಬೇಕು. ಒಂದು ಸಲ ತೊಳೆಯಿರಿ. ಸಿಗದಿದ್ದರೆ ಇದ್ದಿಲು ಕುಟ್ಟಿ ಹಾಕಿ. ಅದೂ ಇಲ್ಲದಿದ್ದರೆ ಬರೀ ಕೊಕೊಪೀಟ್, ಮರಳು ಸಾಕು. ಪರ್ಲೈಟ್ ಅಂತ ಬಿಳೀ ಹಗುರ ಕಾಳು ಆನ್‌ಲೈನಿನಲ್ಲಿ ಬರುತ್ತದೆ, ಒಳ್ಳೆಯದೇ. ನಾಲ್ಕು ಎಲೆಗೆ ಅಷ್ಟು ದುಡ್ಡು ಕೊಡುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಪಾಟಿಗೆ ಬದಲು ಜ್ಯೂಸ್ ಅಂಗಡಿಯ ಪಾರದರ್ಶಕ ಪ್ಲಾಸ್ಟಿಕ್ ಲೋಟ ಬಳಸಿ. ಇದು ನನ್ನ ಖಾಸಾ ಸಲಹೆ. ತಳಕ್ಕೆ ಕಾದ ಮೊಳೆಯಲ್ಲಿ ಐದಾರು ತೂತು ಮಾಡಿ. ಒಳಗೆ ನಡೆಯುವುದೆಲ್ಲ ಹೊರಗಿನಿಂದಲೇ ಕಾಣುವುದರಿಂದ ಕಿತ್ತು ನೋಡುವ ಚಪಲ ಇರುವುದಿಲ್ಲ. ಬೇರಿಗೆ ಬೆಳಕು ಆಗದು, ಹಾಗಾಗಿ ಸುತ್ತ ಒಂದು ಕಪ್ಪು ಹಾಳೆ ಸುತ್ತಿಡಿ. ನನ್ನ ಹತ್ತಿರ ಬೈಂಡಿಂಗಿನ ಕಪ್ಪು ಶೀಟಿನ ತುಂಡುಗಳು ಬೇಕಾದಷ್ಟಿವೆ. ಕೊಳವೆಯ ಹಾಗೆ ಸುತ್ತಿ, ಲೋಟವನ್ನು ಅದರೊಳಗೆ ಇಳಿಸಿಬಿಡುತ್ತೇನೆ. ನೋಡಬೇಕು ಅನಿಸಿದಾಗ ಎತ್ತಿ ನೋಡಿದರಾಯ್ತು.

ನೆಟ್ಟು ಕಾಯುವುದು

ಮಿಶ್ರಣ ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಉಂಡೆ ಕಟ್ಟಿ ಬೆರಳು ತಾಗಿದರೆ ಒಡೆಯಬೇಕು. ಅಷ್ಟು ಪಸೆ ಸಾಕು. ಲೋಟದ ಮುಕ್ಕಾಲು ತುಂಬಿ. ಪೆನ್ನಿನಲ್ಲಿ ಗೋಡೆಗೆ ಹತ್ತಿರ ಒಂದು ತೂತು ಮಾಡಿ, ಕುತ್ತಿಗೆ ಕೆಳಗಾಗಿ ಎಲೆಯನ್ನು ಒಂದು ಇಂಚು ಇಳಿಸಿ. ಸ್ವಲ್ಪ ಓರೆಯಾಗಿ ನಿಂತರೆ ಇನ್ನೂ ಒಳ್ಳೆಯದು. ಸುತ್ತ ಮೆಲ್ಲಗೆ ಒತ್ತಿ. ಒಂದು ಲೋಟಕ್ಕೆ ಎರಡು ಎಲೆ. ಮೇಲೆ ಅರ್ಧ ಇಂಚು ಬರೀ ಮರಳು ಹರಡಿ. ಕೊಕೊಪೀಟ್ ಒದ್ದೆಯಿದ್ದರೆ ಸಣ್ಣ ಕರಿ ನೊಣ ಹಾರಾಡಲು ಶುರುವಾಗುತ್ತದೆ, ಮರಳಿನ ಪದರ ಇದ್ದರೆ ಅವು ಮೊಟ್ಟೆ ಇಡುವುದು ಕಡಿಮೆ.

ತಾರೀಖು ಬರೆದು ಅಂಟಿಸಿ. ದಯವಿಟ್ಟು ಬರೆಯಿರಿ. ಮಾರ್ಕರಿನಲ್ಲಿ ಬರೆದದ್ದು ಬೆಳಕಿಗೆ ಮಾಸುತ್ತದೆ. ನಾನು ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿ ಚುಚ್ಚುತ್ತೇನೆ, ಅದು ವೃತ್ತಿಯ ಸೌಕರ್ಯ. ತಾರೀಖು ಇಲ್ಲದಿದ್ದರೆ ಎರಡು ತಿಂಗಳಿಗೇ "ವರ್ಷ ಆಯ್ತು, ಏನೂ ಬರಲಿಲ್ಲ" ಅನಿಸಲು ಶುರುವಾಗುತ್ತದೆ.

ಜಾಗ ಯಾವುದು? ಬೆಳೆದ ಗಿಡ ಟ್ಯೂಬ್‌ಲೈಟಿನಲ್ಲಿ ಬದುಕುತ್ತದೆ ಅಂತ ಎಲೆಯನ್ನೂ ಅಲ್ಲೇ ಇಟ್ಟರೆ ಆಗದು. ಗೆಡ್ಡೆ ಕಟ್ಟಲು ಬೆಳಕು ಬೇಕು, ಬಿಸಿಲು ಬೇಡ. ಪೇಪರ್ ಓದಲು ಲೈಟ್ ಹಾಕಬೇಕಾಗದಂಥ ಕಿಟಕಿ ಪಕ್ಕ ಇಡಿ. ನಮ್ಮ ಮನೆಯಲ್ಲಿ ಅಡುಗೆಮನೆಯ ಪೂರ್ವದ ಕಿಟಕಿ, ಸಿಂಕಿನ ಪಕ್ಕ. ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ಎಲೆ ಮೇಲೆ ಸುಟ್ಟ ಹಾಗೆ ಕಂದು ಕಲೆ ಬೀಳುತ್ತದೆ.

ನೀರಿನ ವಿಷಯ. ಹೆಚ್ಚಿನವರ ಎಲೆ ಹಾಳಾಗುವುದು ಇಲ್ಲೇ. ಲೋಟದ ಕಪ್ಪು ಹಾಳೆ ಸರಿಸಿ ಒಳಗೋಡೆ ನೋಡಿ. ಬೆವರಿನ ಹಾಗೆ ಹನಿ ಕಂಡರೆ ನೀರು ಬೇಡ. ಹನಿ ಇಲ್ಲ, ಲೋಟ ಎತ್ತಿದರೆ ಖಾಲಿ ಲೋಟದ ಹಾಗೆ ಹಗುರ, ಆಗ ಎರಡು ಮೂರು ಚಮಚ ನೀರು. ಬೇಸಿಗೆಯಲ್ಲಿ ಇದು ಹತ್ತು ಹನ್ನೆರಡು ದಿನಕ್ಕೊಮ್ಮೆ ಬರುತ್ತದೆ, ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ. ಮರೆತುಹೋದರೆ ಒಳ್ಳೆಯದೇ ಆಯ್ತು ಅಂದುಕೊಳ್ಳಿ. ಪ್ಲಾಸ್ಟಿಕ್ ಕವರ್ ಮುಚ್ಚಿ ತೇವ ಹಿಡಿದಿಡುವ ಪದ್ಧತಿ ಬೇರೆ ಗಿಡಗಳಿಗೆ ಸರಿ, ಇದಕ್ಕೆ ಬೇಡ.

ಎರಡನೇ ಸಲ ನಾನು ನೆಟ್ಟದ್ದು ಏಪ್ರಿಲ್ 11ಕ್ಕೆ, ಐದು ಲೋಟಕ್ಕೆ ಹತ್ತು ಎಲೆ. ಮೇ ಕೊನೆಗೆ ಲೋಟದ ಗೋಡೆಯಿಂದ ನೋಡಿದರೆ ಎಲೆಯ ಬುಡ ಕಡಲೆಕಾಳಿನಷ್ಟು ಊದಿತ್ತು, ಹಳದಿ ಮಿಶ್ರಿತ ಬಿಳಿ. ಅದರಿಂದ ಶಾವಿಗೆಯಂಥ ಬಿಳೀ ಬೇರು ಎರಡು. ಜುಲೈಗೆ ಅದು ಗೋಲಿಯಷ್ಟಾಗಿ, ಮೇಲೆ ಆಲೂಗಡ್ಡೆಯ ಹಾಗೆ ಕಂದು ಸಿಪ್ಪೆ ಬಂತು. ಬೇರು ಲೋಟದ ತಳ ಸುತ್ತಿತ್ತು. ಮೇಲೆ? ಏನೂ ಇಲ್ಲ. ಏಪ್ರಿಲ್‌ನಲ್ಲಿ ಹೇಗಿತ್ತೋ ಹಾಗೇ ಎರಡು ಎಲೆ. ದೀಪಾವಳಿ ಆದ ವಾರ ಮೊದಲ ಲೋಟದಲ್ಲಿ ಚಿಗುರು ಬಂತು, ಏಳು ತಿಂಗಳಿಗೆ. ಕೊನೆಯ ಲೋಟದ್ದು ಬಂದದ್ದು ಮುಂದಿನ ಮೇನಲ್ಲಿ. ಒಂದೇ ದಿನ, ಒಂದೇ ಕಡ್ಡಿಯ ಎಲೆ, ಒಂದೇ ಕಿಟಕಿ. ಯಾಕೆ ಹೀಗೆ ಅಂತ ಅದನ್ನೇ ಕೇಳಬೇಕು.

ಹತ್ತರಲ್ಲಿ ಒಂದು ಕೊಳೆಯಿತು, ಒಂಬತ್ತು ಬಂದವು. ಕೊಳೆಯುವುದು ಮತ್ತು ಒಣಗುವುದರ ವ್ಯತ್ಯಾಸ ತಿಳಿದಿದ್ದರೆ ಸಾಕು. ಕೊಳೆಯುವ ಎಲೆ ಬುಡದಿಂದ ಶುರುವಾಗುತ್ತದೆ. ಮೆತ್ತಗಾಗಿ, ಬೆಳಕಿಗೆ ಹಿಡಿದರೆ ಎಣ್ಣೆ ಕಾಗದದ ಹಾಗೆ ಕಾಣುತ್ತದೆ, ವಾಸನೆ ಬರುತ್ತದೆ. ಅದನ್ನು ಸುತ್ತಲಿನ ಮಿಶ್ರಣದ ಸಮೇತ ತೆಗೆಯಿರಿ. ಒಣಗುವ ಎಲೆ ತುದಿಯಿಂದ ಹಳದಿಯಾಗಿ, ತೆಳ್ಳಗಾಗಿ, ಕಾಗದದ ಹಾಗೆ ಗರಿಗರಿಯಾಗುತ್ತದೆ, ವಾಸನೆ ಇಲ್ಲ. ನಾಲ್ಕೈದು ತಿಂಗಳ ಮೇಲೆ ಹೀಗಾದರೆ ಕೈ ಹಚ್ಚಬೇಡಿ. ಅದು ಗೆಡ್ಡೆಗೆ ಬುತ್ತಿ ಇಳಿಸಿ ಮುಗಿಸಿದೆ. ಅದೇ ಲೋಟಕ್ಕೆ ಮೊದಲಿಗಿಂತ ಕಡಿಮೆ ನೀರು ಹಾಕುತ್ತಾ ಇಟ್ಟುಕೊಳ್ಳಿ.

ಆತುರದವರಿಗೆ

ವರ್ಷ ಕಾಯಲಾರೆ ಅನ್ನುವವರು ಗಿಡವನ್ನೇ ಪಾಲು ಮಾಡಿ. ಪಾಟ್ ತುಂಬಿ ಕಡ್ಡಿಗಳು ಒತ್ತೊತ್ತಾಗಿದ್ದರೆ ಒಳಗೆ ಗೆಡ್ಡೆಗಳೂ ಹಾಗೇ ಇರುತ್ತವೆ. ಪ್ಲಾಸ್ಟಿಕ್ ಪಾಟಿನ ಹೊಟ್ಟೆ ಒಂದು ಕಡೆ ಉಬ್ಬಿದ್ದು, ಸೀಳಿದ್ದು ಎರಡನ್ನೂ ನೋಡಿದ್ದೇನೆ. ಎರಡು ವಾರ ನೀರು ನಿಲ್ಲಿಸಿ, ಪಾಟ್ ಅಡ್ಡ ಮಲಗಿಸಿ ತಟ್ಟಿ ಹೊರಗೆ ತೆಗೆಯಿರಿ. ಮಣ್ಣು ಉದುರಿಸಿದರೆ ಎಲ್ಲಿ ಬಿಡಿಸಬಹುದು ಅಂತ ತಾನೇ ಕಾಣುತ್ತದೆ. ಕೈಯಲ್ಲೇ ಬಿಡಿಸಿ, ಬಾರದ ಕಡೆ ಚಾಕು. ಪ್ರತಿ ಪಾಲಿಗೂ ಒಂದು ಗೆಡ್ಡೆ, ಒಂದೆರಡು ಕಡ್ಡಿ ಇರಲಿ. ಒಂದು ದಿನ ಗಾಯ ಆರಿಸಿ ನೆಟ್ಟು, ವಾರ ಬಿಟ್ಟು ನೀರು ಹಾಕಿ. ಅವತ್ತೇ ಎರಡು ಗಿಡ ರೆಡಿ.

ಇಡೀ ಕಡ್ಡಿಯನ್ನೂ ನೆಡಬಹುದು. ಬುಡದ ದಪ್ಪ ಭಾಗದ ಸಮೇತ ಕೊಯ್ದು, ಎರಡು ದಿನ ಒಣಗಿಸಿ, ಮೂರು ಇಂಚು ಒಳಗಿಳಿಸಿ, ಬೀಳದ ಹಾಗೆ ಒಂದು ಕೋಲು ಕಟ್ಟಿ. ಎರಡು ಮೂರು ತಿಂಗಳಿಗೆ ಬೇರು. ಹೊಸ ಚಿಗುರಿಗೆ ಇದೂ ತಿಂಗಳುಗಟ್ಟಲೆ ಕಾಯಿಸುತ್ತದೆ. ಆದರೆ ಮೇಲೆ ಉದ್ದನೆ ಕಡ್ಡಿ ಇರುವುದರಿಂದ ಗಿಡ ಇದೆ ಅಂತ ಸಮಾಧಾನ.

ನೀರಿನಲ್ಲೂ ಬರುತ್ತದೆ. ಗಾಜಿನ ಲೋಟದಲ್ಲಿ ಕುತ್ತಿಗೆ ಮುಳುಗುವಷ್ಟೇ ನೀರು ಹಾಕಿ, ಬಾಯಿಗೆ ಟೇಪ್ ಅಂಟಿಸಿ ಎಲೆ ಸಿಕ್ಕಿಸಿದರೆ ಆಯ್ತು. ವಾರಕ್ಕೊಮ್ಮೆ ನೀರು ಬದಲಿಸಿ. ನೀರೊಳಗೆ ಪುಟ್ಟ ಗೆಡ್ಡೆ ಕಟ್ಟುವುದನ್ನು ನೋಡಲು ಮಕ್ಕಳಿಗೆ ಖುಷಿ. ನನ್ನ ಮಗಳ ಲೋಟದ್ದು ಚೆನ್ನಾಗಿಯೇ ಬಂತು. ಆದರೆ ನೀರು ಬದಲಿಸಲು ಮರೆತ ಎರಡು ಲೋಟ ನಾರಿ, ಮನೆಯಲ್ಲಿ ಅದರ ಮೇಲೆ ನಿಷೇಧ ಬಿತ್ತು.

ಚಿಗುರು ಬಂದ ಮೇಲೆ

ಚಿಗುರು ಕಂಡ ತಕ್ಷಣ ಪಾಟ್ ಬದಲಿಸಬೇಡಿ. ಎಲೆ ಬಿಚ್ಚಿಕೊಂಡು ಕಡು ಹಸಿರಾಗಲಿ. ಮೊದಲ ಕಡ್ಡಿ ಗೇಣುದ್ದ, ನಾಲ್ಕಾರು ಎಲೆ ಅಷ್ಟೆ. ಆಮೇಲೆ ನಾಲ್ಕಿಂಚಿನ ಪಾಟಿಗೆ ಹಾಕಿ. ದೊಡ್ಡ ಪಾಟ್ ಬೇಡ, ಬೇರು ತಲುಪದ ಕಡೆ ನೀರು ನಿಂತು ಹುಳಿಯುತ್ತದೆ. ಈಗ ಮಿಶ್ರಣಕ್ಕೆ ಒಂದು ಹಿಡಿ ಎರೆಗೊಬ್ಬರ ಸೇರಿಸಬಹುದು. ಕಪ್ಪು ಎಲೆಯ ಝೀಝೀ ಎಲೆ ಹಾಕಿದವರು ಹಸಿರು ಚಿಗುರು ನೋಡಿ ಮೋಸ ಹೋದೆ ಅಂದುಕೊಳ್ಳಬೇಡಿ. ಅದರ ಚಿಗುರು ಹಸಿರಾಗೇ ಬಂದು, ವಾರಗಳ ಮೇಲೆ ಕಪ್ಪಾಗುತ್ತದೆ.

ಹೊಳಪಿಗೆ ಅಂತ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಅದರ ಮೇಲೆ ಧೂಳು ಕೂತು ಎಲೆ ಜಿಡ್ಡಾಗುತ್ತದೆ. ನಮ್ಮ ಅಂಗಡಿಯಲ್ಲಿ ರಸ್ತೆ ಧೂಳಿನ ಜೊತೆ ಟೋನರ್ ಪುಡಿಯೂ ಕೂರುತ್ತದೆ. ಭಾನುವಾರ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಳಪು ತಾನೇ ಬರುತ್ತದೆ. ಒಂದು ಪಾಟ್ ಇಟ್ಟರೆ ಕೋಣೆಯ ಗಾಳಿಯೆಲ್ಲ ಶುದ್ಧ ಅಂತ ಹೇಳಿ ಮಾರುವವರ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ನೋಡಲು ಚೆಂದ, ಅಷ್ಟು ಸಾಲದಾ?

ಆ ಒಂಬತ್ತರಲ್ಲಿ ಈಗ ನನ್ನ ಹತ್ತಿರ ಎರಡಿವೆ, ಉಳಿದದ್ದು ಹಂಚಿಹೋದವು. ಎಲೆ ಕೇಳುವವರಿಗೆ ಬ್ರೌನ್ ಕವರಿನಲ್ಲಿ ಎಲೆ ಹಾಕಿ, ಮೇಲೆ ತಾರೀಖು ಬರೆದು ಕೊಡುತ್ತೇನೆ. "ಮುಂದಿನ ವರ್ಷ ಇದೇ ತಿಂಗಳು ಬಂದು ಹೇಳಿ, ಅಲ್ಲಿವರೆಗೆ ಕಿತ್ತು ನೋಡಬೇಡಿ" ಅನ್ನುತ್ತೇನೆ. ಕೆಲವರು ನಗುತ್ತಾರೆ.

ಕರಿಬೇವಿನ ಪಾಟಿನಲ್ಲಿ ಹುಟ್ಟಿದ ಎರಡನ್ನು ಮಾತ್ರ ಅಲ್ಲಿಂದ ಬಿಡಿಸಲು ಆಗಲಿಲ್ಲ. ಕರಿಬೇವಿನ ಬೇರು ಗೆಡ್ಡೆಯ ಸುತ್ತ ಹೆಣೆದುಕೊಂಡಿದೆ. ಈಗ ಏಳು ಕಡ್ಡಿ ಆಗಿವೆ. ಅಮ್ಮ ಕರಿಬೇವಿಗೆ ಹುಳಿ ಮ‌ಜ್ಜಿಗೆ ಹಾಕುವಾಗ ಚೊಂಬನ್ನು ಆ ಕಡೆ ವಾಲಿಸಿ, ಇದರ ಬುಡ ತಪ್ಪಿಸಿ ಹಾಕುತ್ತಾಳೆ.